ಪುಷ್ಪವಿಶೇಷ

ಹಳಗನ್ನಡವನ್ನು ಪಾಠ ಹೇಳುವ ನಮ್ಮಂಥವರಿಗೆ ಒಂದು ಆಪದ್ಬಾಂಧವ ಶಬ್ದವುಂಟು. ಅದು ‘ಪುಷ್ಪವಿಶೇಷ’. ಕಾವ್ಯದಲ್ಲಿ ವನವರ್ಣನೆ ಬಂದಿತೆಂದರೆ ಕವಿ ಹೂವಿನ ಹೆಸರುಗಳನ್ನು ಬುಟ್ಟಿಗಟ್ಟಲೆ ಸುರಿಯುತ್ತಾನೆ. ಸುರಗಿ, ಸುರಹೊನ್ನೆ, ಪಾದರಿ, ಮೊಲ್ಲೆ, ಇರುವಂತಿ, ಕೇದಗೆ ಎಂದು ಒಂದರ ಬೆನ್ನಿಗೊಂದು ಬರುತ್ತವೆ. ಟಿಪ್ಪಣಿಕಾರರು ಒಂದೊಂದರ ಮುಂದೆಯೂ ‘ಒಂದು ಬಗೆಯ ಹೂವು’ ಎಂದೋ ‘ಪುಷ್ಪವಿಶೇಷ’ ಎಂದೋ ಬರೆದು ಮುಗಿಸಿರುತ್ತಾರೆ. ಅಧ್ಯಾಪಕನೂ ಅಷ್ಟನ್ನೇ ಹೇಳಿ ಮುಂದಿನ ಪದ್ಯಕ್ಕೆ ಹೋಗುತ್ತಾನೆ. ಪರೀಕ್ಷೆಯಲ್ಲಿ ವಿದ್ಯಾರ್ಥಿಯೂ ಅಷ್ಟನ್ನೇ ಬರೆಯುತ್ತಾನೆ. ಅಂಕಗಳೂ ಬರುತ್ತವೆ. ಹತ್ತಿರ ಹತ್ತಿರ ಇಪ್ಪತ್ತು ವರ್ಷಗಳಿಂದ ನನ್ನ ತರಗತಿಯಲ್ಲಿ ಈ ವ್ಯವಹಾರ ನಿರ್ವಿಘ್ನವಾಗಿ ನಡೆದುಕೊಂಡು ಬಂದಿತ್ತು.

ಹೋದ ವರ್ಷ ಅದಕ್ಕೆ ವಿಘ್ನ ಒದಗಿತು. ‘ಸುರಗಿ ಎಂದರೆ ಪುಷ್ಪವಿಶೇಷ’ ಎಂದು ನಾನು ಎಂದಿನ ಗಾಂಭೀರ್ಯದಿಂದ ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, “ಸರ್, ಸುರಗಿ ನಮ್ಮ ಮನೆಯ ಹಿಂದೆಯೇ ಇದೆ. ದೊಡ್ಡ ಮರ” ಎಂದಳು. ಮಾತಾಡುವ ಸ್ವಭಾವದವಳಲ್ಲ, ಮಲೆನಾಡಿನ ಒಳ ಹಳ್ಳಿಯೊಂದರಿಂದ ಬಸ್ಸಿನಲ್ಲಿ ಬಂದು ಹೋಗುವವಳು. ಮರುದಿನ ಕರವಸ್ತ್ರದ ಗಂಟಿನಲ್ಲಿ ಒಂದು ಒಣಗಿದ ಹೂಸರವನ್ನು ತಂದು ಮೇಜಿನ ಮೇಲಿಟ್ಟಳು. ಅಜ್ಜಿಯ ಸೀರೆ ಪೆಟ್ಟಿಗೆಯಲ್ಲಿದ್ದದ್ದಂತೆ. ಹೂವು ಕಂದುಬಣ್ಣಕ್ಕೆ ತಿರುಗಿ ಗರಿಗರಿಯಾಗಿತ್ತು. ಆದರೆ ಗಂಟು ಬಿಚ್ಚಿದ ಕೂಡಲೆ ಕೋಣೆಯಲ್ಲೆಲ್ಲ ಪರಿಮಳ ಹಬ್ಬಿತು. ಒಣಗಿದ ಮೇಲೂ ಗಂಧ ಬಿಡದಿರುವುದು ಸುರಗಿಯ ಗುಣ. ಪ್ರಾಚೀನ ಕವಿಗಳು ಆ ಹೂವನ್ನು ಏಕೆ ಅಷ್ಟು ಮೆಚ್ಚಿದರೆಂಬುದು ನನಗೆ ಗೊತ್ತಾದದ್ದು ಅಂದು, ಆ ಹುಡುಗಿಯಿಂದ. ಎಂ.ಎ. ತರಗತಿಯಲ್ಲಿ ನಾನು ಓದಿದ ಯಾವ ವ್ಯಾಖ್ಯಾನವೂ ಅದನ್ನು ನನಗೆ ಹೇಳಿರಲಿಲ್ಲ.

ಇದನ್ನು ನಾನು ವಿನಯಪ್ರದರ್ಶನಕ್ಕಾಗಿ ಹೇಳುತ್ತಿಲ್ಲ. ಕನ್ನಡದ ಅಧ್ಯಾಪಕನಾದವನು ಕನ್ನಡ ನೆಲದ ಹೂವಿನ ಮುಂದೆ ನಿಂತಾಗ ಅನಕ್ಷರಸ್ಥನಾಗಿರುತ್ತಾನೆ ಎಂಬುದು ನನ್ನೊಬ್ಬನ ಸ್ಥಿತಿಯಲ್ಲ. ಅದು ನಮ್ಮ ವಿದ್ಯಾಭ್ಯಾಸದ ಸ್ಥಿತಿ. ಅದರ ಪರಿಣಾಮ ತರಗತಿಯ ನಾಲ್ಕು ಗೋಡೆಗಳೊಳಗೆ ನಿಲ್ಲುವುದಿಲ್ಲವೆಂಬುದೇ ಈ ಲೇಖನದ ಮಾತು.

2022ರ ಸೆಪ್ಟೆಂಬರಿನಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಸಾಲು ನೀಲಿಯಾಯಿತು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗಳ ಇಳಿಜಾರಿನಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವು ಅರಳಿದೆಯೆಂದು ಪತ್ರಿಕೆಗಳು ಬರೆದುವು. ನಾಡಿನ ನಾನಾ ಮೂಲೆಗಳಿಂದ ಜನ ಬಂದರು. ನಾನೂ ಹೋದೆ. ವಾಹನಗಳ ಸಾಲಿನ ಹಿಂದೆ ಬಹಳ ಹೊತ್ತು ನಿಂತು, ಕೊನೆಗೆ ಇಳಿದು ನಡೆದೇ ಮೇಲೆ ಹೋದೆ. ಮಂಜು ಸರಿದಾಗ ಇಡೀ ಮಗ್ಗುಲು ತಿಳಿನೀಲಿಯಾಗಿ ಕಂಡಿತು. ಸೊಂಟದೆತ್ತರದ ಪೊದೆಗಳಲ್ಲಿ ಗಂಟೆಯಾಕಾರದ ಹೂಗಳು. ಅವುಗಳ ಮೇಲೆ ಜೇನುನೊಣಗಳ ಝೇಂಕಾರ. ಕೆಲವರು ಹೂಗೊಂಚಲುಗಳನ್ನು ಮುರಿದು ಕೈಯಲ್ಲಿ ಹಿಡಿದು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ತೆಗೆದಾದ ಮೇಲೆ ದಾರಿಯಲ್ಲೇ ಬಿಸಾಡಿ ಮುಂದೆ ಹೋಗುತ್ತಿದ್ದರು.

ಎಲ್ಲರ ಬಾಯಲ್ಲೂ ಒಂದೇ ಹೆಸರು: ನೀಲಕುರಿಂಜಿ. ನನ್ನ ಬಾಯಲ್ಲಿಯೂ ಅದೇ. ದಾರಿಯ ಪಕ್ಕದಲ್ಲಿ ಹುಲ್ಲಿನ ಹೊರೆ ಇಳಿಸಿ ಕುಳಿತಿದ್ದ ಒಬ್ಬ ಮುದುಕರನ್ನು ನಾನು, “ಯಜಮಾನರೇ, ಹಿಂದಿನ ಸಲ ಕುರಿಂಜಿ ಬಿಟ್ಟದ್ದನ್ನು ನೋಡಿದ್ದಿರಾ?” ಎಂದು ಕೇಳಿದೆ. ಅವರು ನನ್ನ ಮುಖ ನೋಡಿ, “ಗುರಿಗೆ ಹೂವಾ ಸ್ವಾಮಿ? ನೋಡದೆ ಏನು? ಗುರಿಗೆ ಬಿಟ್ಟ ವರ್ಷ ಜೇನು ಜಾಸ್ತಿ” ಎಂದರು.

ಗುರಿಗೆ! ಕನ್ನಡದಲ್ಲಿ ಅದಕ್ಕೊಂದು ಹೆಸರಿತ್ತು. ಅದೂ ಪುಸ್ತಕದ ಹೆಸರಲ್ಲ. ಜೇನಿನ ಲೆಕ್ಕವನ್ನೂ ವರ್ಷದ ಲೆಕ್ಕವನ್ನೂ ಒಳಗೊಂಡು ಬಾಳಿದ ಹೆಸರು. ಅಂದು ಬೆಟ್ಟ ಹತ್ತಿದ ಸಾವಿರಾರು ಕನ್ನಡಿಗರಲ್ಲಿ ಎಷ್ಟು ಮಂದಿಗೆ ಅದು ಗೊತ್ತಿತ್ತೋ ಕಾಣೆ, ನನಗಂತೂ ಗೊತ್ತಿರಲಿಲ್ಲ. ಕುರಿಂಜಿ ಎಂಬ ತಮಿಳು ಹೆಸರಿನ ಮೇಲೆ ನನಗೆ ಮುನಿಸೇನೂ ಇಲ್ಲ. ಮುನಿಸಿಗೆ ಬದಲಾಗಿ ಸ್ವಲ್ಪ ಅಸೂಯೆಯುಂಟು. ಸಂಗಂ ಕಾಲದ ತಮಿಳರು ತಮ್ಮ ನಾಡಿನ ಭೂಭಾಗಗಳಿಗೇ ಹೂಗಿಡಗಳ ಹೆಸರಿಟ್ಟರು. ಬೆಟ್ಟದ ಸೀಮೆ ಕುರಿಂಜಿ, ಕಾಡಿನ ಸೀಮೆ ಮುಲ್ಲೈ, ಗದ್ದೆಬಯಲು ಮರುದಂ, ಕಡಲಂಚು ನೆಯ್ದಲ್, ಸುಡುವ ಬೀಡು ಪಾಲೈ. ಪ್ರೇಮದ ಒಂದೊಂದು ಅವಸ್ಥೆಗೂ ಒಂದೊಂದು ಸೀಮೆ. ನಮ್ಮ ಹಾದಿಬದಿಯ ತುಂಬೆಯನ್ನು ಅವರು ಎದುರುಬದುರಿನ ಯುದ್ಧಕ್ಕೆ ಸಂಕೇತವಾಗಿಸಿದರು. ಕಪಿಲರ್ ಎಂಬ ಕವಿ ‘ಕುರಿಂಜಿಪ್ಪಾಟ್ಟು’ ಎಂಬ ಒಂದೇ ಕವನದಲ್ಲಿ ತೊಂಬತ್ತೊಂಬತ್ತು ಹೂಗಳನ್ನು ಹೆಸರಿಸಿದ. ನಮ್ಮ ಚಂಪೂಕವಿಗಳು ಸಂಸ್ಕೃತದ ಅಷ್ಟಾದಶ ವರ್ಣನೆಯ ಕ್ರಮವನ್ನು ಹಿಡಿದು ಅರಮನೆಯ ಉದ್ಯಾನವನ್ನು ವರ್ಣಿಸಿದರು. ಅದರಲ್ಲಿಯೂ ಈ ನೆಲದ ಹೂಗಳು ಹೇರಳವಾಗಿ ನುಸುಳಿ ಬಂದಿವೆ. ಆದರೆ ಆಮೇಲೆ ಬಂದ ನಾವು ಅವುಗಳನ್ನೆಲ್ಲ ಒಟ್ಟಿಗೆ ಕಟ್ಟಿ ‘ಪುಷ್ಪವಿಶೇಷ’ವೆಂಬ ಮೂಟೆಗೆ ತುಂಬಿಬಿಟ್ಟೆವು.

ಹೆಸರು ಗೊತ್ತಿಲ್ಲದಿದ್ದರೆ ಹೂವಿಗೇನು ನಷ್ಟವೆಂದು ವಾಚಕರು ಕೇಳಬಹುದು. ಹೂವು ಹೆಸರಿಗಾಗಿ ಅರಳುವುದಿಲ್ಲ, ನಿಜ. ಆದರೆ ಹೆಸರಿಲ್ಲದ್ದನ್ನು ಮನುಷ್ಯ ನೋಡುವುದಿಲ್ಲ. ನೋಡದಿದ್ದುದನ್ನು ಇಲ್ಲವೆಂದೇ ಬಗೆಯುತ್ತಾನೆ. ಇಲ್ಲವೆಂದು ಬಗೆದ ಜಾಗದಲ್ಲಿ ತನಗೆ ಬೇಕಾದ್ದನ್ನು ಮಾಡುತ್ತಾನೆ. ಇದಕ್ಕೆ ದೃಷ್ಟಾಂತವನ್ನು ನಾನು ದೂರ ಹುಡುಕಬೇಕಾಗಿಲ್ಲ. ನಾನೇ ಒಂದು ದೃಷ್ಟಾಂತ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ರಾಷ್ಟ್ರೀಯ ಸೇವಾ ಯೋಜನೆಯ ಹೊಣೆ ಬಂದಿತು. ಒಂದು ಮಳೆಗಾಲದ ವನಮಹೋತ್ಸವಕ್ಕೆ ಐವತ್ತು ವಿದ್ಯಾರ್ಥಿಗಳನ್ನು ಕರೆದುಕೊಂಡು ಒಂದು ಹಳ್ಳಿಯ ಗುಡ್ಡಕ್ಕೆ ಹೋದೆ. ಊರಿನ ಗೋಮಾಳ ಅದು. ಮರಗಳಿರಲಿಲ್ಲ, ಮೊಣಕಾಲೆತ್ತರದ ಹುಲ್ಲು ಗಾಳಿಗೆ ಅಲೆಯಲೆಯಾಗಿ ಬಾಗುತ್ತಿತ್ತು. ನಾನು ಒಂದು ಬಂಡೆಯ ಮೇಲೆ ನಿಂತು, ಈ ಬೋಳುಗುಡ್ಡವನ್ನು ಹಸುರು ಮಾಡುವ ಭಾಗ್ಯ ನಮ್ಮದಾಗಿದೆಯೆಂದು ಭಾಷಣ ಮಾಡಿದೆ. ಹಸುರಿನ ಮೇಲೆ ನಿಂತುಕೊಂಡೇ ಆ ಮಾತನ್ನಾಡಿದೆನೆಂಬುದು ನನಗೆ ಹೊಳೆಯಲಿಲ್ಲ. ದನ ಕಾಯುತ್ತಿದ್ದವರೊಬ್ಬರು ಬಂದು, “ಇಲ್ಲಿ ಮರ ಹಾಕಿದರೆ ಹುಲ್ಲು ಎಲ್ಲಿಗೆ ಹೋಗಬೇಕು ಸ್ವಾಮಿ?” ಎಂದು ಕೇಳಿದರು. ಅಜ್ಞಾನಿಯ ಪ್ರಶ್ನೆಯೆಂದು ಎಲ್ಲರೂ ನಕ್ಕೆವು. ಗುಂಡಿ ತೋಡಿದೆವು. ಇಟ್ಟದ್ದು ಅಕೇಶಿಯಾ ಸಸಿಗಳು. ಗುದ್ದಲಿಯ ಏಟಿಗೆ ಮಣ್ಣಿನೊಡನೆ ಎದ್ದು ಬಂದ ಪುಟ್ಟ ಗೆಡ್ಡೆಗಳನ್ನೂ ನೀಲಿ, ಹಳದಿ, ಬಿಳಿಯ ಚುಕ್ಕೆಹೂಗಳನ್ನೂ ಹುಡುಗರು ಬದಿಗೆ ಎಸೆದರು. ಅವುಗಳಲ್ಲಿ ಒಂದರ ಹೆಸರೂ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಗುದ್ದಲಿ ಒಂದು ಕ್ಷಣ ನಿಲ್ಲುತ್ತಿತ್ತೆಂದು ಈಗ ಅನ್ನಿಸುತ್ತದೆ.

ಮೊನ್ನೆ ಅದೇ ಗುಡ್ಡಕ್ಕೆ ಒಬ್ಬನೇ ಹೋಗಿದ್ದೆ. ಅಕೇಶಿಯಾ ಚೆನ್ನಾಗಿಯೇ ಬೆಳೆದಿದೆ. ಮರಗಳ ಕೆಳಗೆ ಒಣ ಎಲೆಗಳ ದಪ್ಪ ಹಾಸು; ಅದರ ನಡುವೆ ಹುಲ್ಲಿನ ಎಸಳು ಹುಡುಕಬೇಕು. ದನಗಳಿಲ್ಲ. ನಾನು ಬೋಳೆಂದು ಕರೆದ ಜಾಗ ಈಗ ನಿಜವಾಗಿಯೂ ಬೋಳಾಗಿದೆ. ಮರಗಳ ಮರೆಯಲ್ಲಿರುವುದರಿಂದ ಕಾಣುವುದಿಲ್ಲ, ಅಷ್ಟೆ.

ಹುಲ್ಲುಗಾವಲೆಂದರೆ ಕಡಿದುಹೋದ ಕಾಡಲ್ಲ. ಇದನ್ನು ನಾವು ಮೊದಲು ತಿಳಿಯಬೇಕು. ಪಶ್ಚಿಮ ಘಟ್ಟದ ಎತ್ತರದ ನೆತ್ತಿಗಳಲ್ಲಿ, ಗಾಳಿಯ ಹೊಡೆತಕ್ಕೆ ಸಿಕ್ಕ ತೆಳುಮಣ್ಣಿನ ಮೈಯಲ್ಲಿ ಹುಲ್ಲೂ, ನೀರು ನಿಲ್ಲುವ ಕಣಿವೆಯ ಮಡಿಲಲ್ಲಿ ಶೋಲಾ ಕಾಡೂ ಒಂದರ ಪಕ್ಕದಲ್ಲಿ ಒಂದು ಬಾಳಿಕೊಂಡು ಬಂದಿವೆ. ನೀಲಗಿರಿಯ ಜೌಗುನೆಲದಲ್ಲಿ ಪದರಪದರವಾಗಿ ಕೂಡಿದ ಸಸ್ಯಾವಶೇಷಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಅಲ್ಲಿಯ ಹುಲ್ಲುಗಾವಲಿನ ಚರಿತ್ರೆಯನ್ನು 20,000 ವರ್ಷಗಳಿಗೂ ಹಿಂದಕ್ಕೆ ಒಯ್ದಿದ್ದಾರೆ. ಮನುಷ್ಯ ಕೊಡಲಿ ಹಿಡಿದು ಅಲ್ಲಿಗೆ ಬರುವುದಕ್ಕೆ ಮೊದಲೇ ಹುಲ್ಲು ಅಲ್ಲಿತ್ತು. 2012ರಲ್ಲಿ ಯುನೆಸ್ಕೊ ಸಂಸ್ಥೆ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ನಮ್ಮ ಕುದುರೆಮುಖದ ಹುಲ್ಲುಬೆಟ್ಟಗಳೂ ಮಹಾರಾಷ್ಟ್ರದ ಸಾತಾರೆಯ ಬಳಿಯ ಕಾಸ್ ಪ್ರಸ್ಥಭೂಮಿಯೂ ಅದರಲ್ಲಿ ಸೇರಿದುವು. ಕಾಸ್‌ನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಬಂಡೆಯ ಮೇಲಿನ ತೇವದಲ್ಲಿ ಅರಳುವ ಒಂದು ಪುಟ್ಟ ನೀಲಿಹೂವನ್ನು ಮರಾಠಿಗರು ‘ಸೀತೆಯ ಕಣ್ಣೀರು’ ಎನ್ನುತ್ತಾರೆ. ಹೆಸರಿಟ್ಟವರಿಗೆ ಅದನ್ನು ಬರಿಯ ಕಳೆಯೆಂದು ತುಳಿಯಲು ಸಾಧ್ಯವೆ?

ಈ ಹುಲ್ಲು ಮಾಡುವ ಕೆಲಸವೂ ಸಣ್ಣದಲ್ಲ. ಮುಂಗಾರಿನ ನೀರನ್ನು ಬೇರಿನ ಜಾಲದಲ್ಲಿ ಹಿಡಿದು ಮಣ್ಣಿಗಿಳಿಸಿ, ಕಣಿವೆಯ ಕಾಡಿನ ಮೂಲಕ ತಡೆತಡೆದು ಹೊಳೆಗೆ ಬಿಡುವುದು ಈ ಬೆಟ್ಟಗಳ ವ್ಯವಸ್ಥೆ. ಚಂದ್ರದ್ರೋಣದಲ್ಲಿ ಹುಟ್ಟುವ ವೇದಾ, ಆವತಿ ಎಂಬ ಎರಡು ಹಳ್ಳಗಳು ಕೂಡಿ ವೇದಾವತಿಯಾಗಿ ಬಯಲುಸೀಮೆಗೆ ಹರಿಯುತ್ತವೆ. ಹಿರಿಯೂರಿನ ಬಳಿ 1907ರಲ್ಲಿ ಮುಗಿದ ವಾಣಿವಿಲಾಸಸಾಗರಕ್ಕೆ ಬರುವುದು ಈ ನದಿಯ ನೀರು. ಗುರಿಗೆಯ ನಾಡನ್ನು ಎಂದೂ ಕಾಣದ ಚಿತ್ರದುರ್ಗದ ರೈತನ ಗದ್ದೆಗೂ ಆ ಬೆಟ್ಟದ ಹುಲ್ಲಿಗೂ ಇರುವ ನಂಟು ಇದು.

ಇಂಥ ನೆಲಕ್ಕೆ ನಾವು ಇಟ್ಟಿರುವ ಹೆಸರುಗಳನ್ನು ನೋಡೋಣ. ಜನರ ಮಾತಿನಲ್ಲಿ ಅದು ಬ್ಯಾಣ, ಹಕ್ಕಲು, ಕಾವಲು, ಗೋಮಾಳ. ಒಂದೊಂದು ಮಾತಿನಲ್ಲಿಯೂ ಆ ನೆಲದ ಉಪಯೋಗವೂ ಗಡಿಯೂ ಅಡಗಿವೆ. ಕಂದಾಯದ ದಫ್ತರದಲ್ಲಿ, ಉಳುಮೆಗೆ ಬಾರದ ನೆಲಕ್ಕೆಲ್ಲ ಒಂದೇ ಮಾತು: ಖರಾಬು. ಖರಾಬು ಎಂದರೆ ಕೆಟ್ಟದ್ದು. ಉತ್ತು ಬೆಳೆದು ತೆರಿಗೆ ಕೊಡದ ನೆಲವೆಲ್ಲ ಕೆಟ್ಟ ನೆಲವೆಂಬುದು ತೆರಿಗೆ ವಸೂಲು ಮಾಡುವವನ ದೃಷ್ಟಿ. ಆ ದೃಷ್ಟಿಯನ್ನು ತಂದವರು ಹೋದರು, ಮಾತು ಉಳಿಯಿತು. ಕೆಟ್ಟದ್ದೆಂದು ಒಮ್ಮೆ ಬರೆದಮೇಲೆ ಅದನ್ನು ಸರಿಪಡಿಸಲು ಎಲ್ಲರೂ ಧಾವಿಸುವುದು ಸಹಜ. ಒಬ್ಬರು ನೀಲಗಿರಿ ಮರ ನೆಟ್ಟು ಸರಿಪಡಿಸುತ್ತಾರೆ, ಒಬ್ಬರು ರಸ್ತೆ ಕಡಿದು, ಇನ್ನೊಬ್ಬರು ವಿಶ್ರಾಂತಿಗೃಹ ಕಟ್ಟಿ. ನನ್ನಂಥವರು ಭಾಷಣ ಮಾಡಿ ಸರಿಪಡಿಸುತ್ತಾರೆ.

ಬೆಟ್ಟದ ಮಾತಾಯಿತು. ಇನ್ನು ಊರ ಹಾದಿಗೆ ಇಳಿದು ಬರೋಣ. ಎಲ್ಲರಿಗೂ ಗಿರಿಶಿಖರ ಹತ್ತಿರವಿಲ್ಲ. ಕಾಲುದಾರಿ ಎಲ್ಲರ ಮನೆಯ ಮುಂದೆಯೂ ಇತ್ತು. ನಾನು ಹುಡುಗನಾಗಿದ್ದಾಗ ಶಾಲೆಗೆ ನಡೆದುಹೋಗುತ್ತಿದ್ದ ದಾರಿಯ ಎರಡೂ ಬದುಗಳಲ್ಲಿ ತುಂಬೆ ಇತ್ತು. ಅದರ ಬಿಳಿಯ ಹೂವನ್ನು ಕಿತ್ತು ಬುಡಕ್ಕೆ ನಾಲಗೆ ಹಚ್ಚಿದರೆ ಕಂಡೂ ಕಾಣದಷ್ಟು ಸಿಹಿ. ನೆಲಕ್ಕಂಟಿ ಹರಡುವ ವಿಷ್ಣುಕ್ರಾಂತಿಯ ನೀಲಿ ಹೂವು ಬೆಳಗ್ಗೆ ಹೋಗುವಾಗ ಕಾಣುತ್ತಿತ್ತು. ಮಧ್ಯಾಹ್ನ ಊಟಕ್ಕೆ ಹಿಂದಿರುಗುವಾಗ ಮುಚ್ಚಿಕೊಂಡಿರುತ್ತಿತ್ತು. ಉತ್ತರಾಣಿಯ ಕಾಳು ಚಡ್ಡಿಗೆ ಅಂಟಿಕೊಂಡು ತರಗತಿಯವರೆಗೂ ಬರುತ್ತಿತ್ತು. ಭಾದ್ರಪದ ಬಂದಾಗ ಬೇಲಿಯ ಮೇಲೆ ಗೌರಿ ಹೂವು ಹತ್ತಿ, ಬೆಂಕಿಯ ನಾಲಗೆಯಂತೆ ಕೆಂಪು ಹಳದಿ ಎಸಳುಗಳನ್ನು ಹಿಂದಕ್ಕೆ ಬಾಗಿಸಿ ನಿಲ್ಲುತ್ತಿತ್ತು. ಅದರ ಗೆಡ್ಡೆ ವಿಷ, ಮುಟ್ಟಬೇಡ ಎಂದು ಅಮ್ಮ ಎಚ್ಚರಿಸುತ್ತಿದ್ದಳು. ಬಯಲುಸೀಮೆಯ ಗೆಳೆಯರನ್ನು ಕೇಳಿದರೆ ತಂಗಡಿ ಹೂವಿನ ಹಳದಿಯನ್ನು ಹೇಳುತ್ತಾರೆ.

ಇವೆಲ್ಲ ಬಾಲ್ಯದ ಹಂಬಲದ ಮಾತೆಂದು ತಳ್ಳಿಹಾಕಬಾರದು. ಅಂದಿನ ಜೀವನಕ್ರಮವೇ ಈ ಗಿಡಗಳನ್ನು ಕಲಿಸುತ್ತಿತ್ತು. ಗಣೇಶನ ಪೂಜೆಗೆ ಹೇಳಿರುವ ಇಪ್ಪತ್ತೊಂದು ಪತ್ರೆಗಳ ಪಟ್ಟಿಯನ್ನು ನೋಡಿರಿ. ಗರಿಕೆ, ಉತ್ತರಾಣಿ, ಎಕ್ಕ, ದತ್ತೂರಿ, ವಿಷ್ಣುಕ್ರಾಂತಿ—ಹಲವು ಹಾದಿಬದಿಯವೇ. ಶಿವನಿಗೆ ತುಂಬೆ. ಹಬ್ಬದ ಹಿಂದಿನ ದಿನ ಮಕ್ಕಳನ್ನು ಬುಟ್ಟಿ ಕೊಟ್ಟು ಕಳುಹಿಸುತ್ತಿದ್ದರು. ತಪ್ಪು ಎಲೆ ತಂದರೆ ಅಜ್ಜಿ ಹಿಂದಕ್ಕೆ ಕಳುಹಿಸುತ್ತಿದ್ದಳು. ಭಕ್ತಿ ಇದ್ದವನಿಗೆ ಅದು ಪೂಜೆ. ಇಲ್ಲದವನಿಗೂ ಅದೊಂದು ಸಸ್ಯಶಾಸ್ತ್ರದ ಪಾಠ. ಈಗ ಪತ್ರೆಗಳ ಕಟ್ಟು ಮಾರುಕಟ್ಟೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸಿಗುತ್ತದೆ. ಅದರಲ್ಲಿ ಯಾವುದು ಉಂಟು, ಯಾವುದು ಇಲ್ಲವೆಂದು ಮಾರುವವನೂ ಕೊಳ್ಳುವವನೂ ವಿಚಾರಿಸುವುದಿಲ್ಲ. ಊರುಗಳ ಹೆಸರಿನಲ್ಲಿ ಮಾತ್ರ ಹೂಗಳು ಇನ್ನೂ ಉಳಿದುಕೊಂಡಿವೆ. ಬಂಟ್ವಾಳದ ಬಳಿ ತುಂಬೆ ಎಂಬ ಊರುಂಟು; ನ್ಯಾಮತಿಯ ಬಳಿ ಸುರಹೊನ್ನೆ ಉಂಟು. ತುಮಕೂರಿನ ಹೆಸರು ತುಂಬೆಯಿಂದಲೇ ಬಂದದ್ದೆಂದು ಹೇಳುವವರುಂಟು, ಟಮಕಿಯಿಂದ ಬಂದದ್ದೆಂದು ಹೇಳುವವರೂ ಉಂಟು.

ಕಾಲುದಾರಿಯೇ ಹೋದಮೇಲೆ ಅದರ ಬದಿಯ ಹೂವು ಎಲ್ಲಿ ನಿಲ್ಲಬೇಕು? ಹಳ್ಳಿಗಳ ಭೂಪಟದಲ್ಲಿ ‘ನಕಾಶೆ ಕಂಡ ದಾರಿ’ ಎಂಬುದೊಂದುಂಟು. ಬಂಡಿದಾರಿ, ಕಾಲುದಾರಿಗಳನ್ನು ಅದರಲ್ಲಿ ಚುಕ್ಕೆಗೆರೆಗಳಿಂದ ಗುರುತಿಸಿರುತ್ತಾರೆ. ನೆಲದ ಮೇಲೆ ಅವುಗಳಲ್ಲಿ ಎಷ್ಟೋ ಈಗ ಇಲ್ಲ. ಬದುವನ್ನು ಸವರಿ ಹೊಲಕ್ಕೆ ಸೇರಿಸಿಕೊಂಡವರಿದ್ದಾರೆ. ಉಳಿದದ್ದಕ್ಕೆ ಅಂಚಿನಿಂದ ಅಂಚಿಗೆ ಸಿಮೆಂಟು ಹಾಸುತ್ತಾರೆ. ಅದರಾಚೆಗೆ ಒಂದು ಮೊಳ ಮಣ್ಣು ಉಳಿದಿದ್ದರೆ ಅದಕ್ಕೆ ಕಳೆನಾಶಕ ಸಿಂಪಡಿಸುತ್ತಾರೆ. ಇಂಗ್ಲೆಂಡಿನಲ್ಲಿ 1949ರಲ್ಲಿ ಒಂದು ಕಾನೂನು ಮಾಡಿ ಹಳ್ಳಿಗಾಡಿನ ಕಾಲುದಾರಿಗಳನ್ನು ಸಾರ್ವಜನಿಕರ ಹಕ್ಕಾಗಿ ಭೂಪಟದಲ್ಲಿ ದಾಖಲಿಸುವ ಏರ್ಪಾಡು ಮಾಡಿದರು. ಅದೇ ದೇಶದಲ್ಲಿ ಹೂವಿನ ಹುಲ್ಲುಗಾವಲುಗಳನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ. 1930ರ ದಶಕಕ್ಕೂ 1984ಕ್ಕೂ ನಡುವೆ ಇಂಗ್ಲೆಂಡ್ ಮತ್ತು ವೇಲ್ಸಿನ ತಗ್ಗುನಾಡಿನ ಹಳೆಯ ಹುಲ್ಲುಗಾವಲುಗಳಲ್ಲಿ ನೂರಕ್ಕೆ 97ರಷ್ಟು ಅಳಿದುವೆಂದು ಅಲ್ಲಿಯವರೇ ಲೆಕ್ಕ ಹಾಕಿದ್ದಾರೆ. ಉತ್ತು, ಗೊಬ್ಬರ ಸುರಿದು ಹೆಚ್ಚು ಹುಲ್ಲು ತೆಗೆದರು. ಹುಲ್ಲು ಹೆಚ್ಚಿತು, ಹೂವು ಹೋಯಿತು. ವರ್ಡ್ಸ್‌ವರ್ತನ ಡ್ಯಾಫೊಡಿಲ್ ಹೂವನ್ನು ನಮ್ಮ ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವು ಈ ಪಾಠವನ್ನೂ ಆ ದೇಶದಿಂದ ಕಲಿಯಬಹುದಾಗಿತ್ತು.

‘ಕಳೆ’ ಎಂಬ ಮಾತನ್ನು ಮೇಲೆ ಬಳಸಿದೆ. ಕನ್ನಡದಲ್ಲಿ ಇದು ವಿಚಿತ್ರವಾದ ಮಾತು. ಪೈರಿನ ನಡುವೆ ಬೇಡದೆ ಬೆಳೆದ ಗಿಡ ಕಳೆ. ಮುಖದ ಕಾಂತಿಯೂ ಕಳೆ. ಮೊದಲನೆಯದು ಕೀಳು, ತೆಗೆದುಹಾಕು ಎಂಬರ್ಥದ ಕನ್ನಡ ಧಾತುವಿಗೆ ಸಂಬಂಧಪಟ್ಟದ್ದು. ಎರಡನೆಯದು ಸಂಸ್ಕೃತದ ಕಲಾ ಶಬ್ದದಿಂದ ಬಂದ ತದ್ಭವ. ವ್ಯುತ್ಪತ್ತಿ ಬೇರೆಯಾದರೂ ಉಚ್ಚಾರಣೆ ಒಂದೇ ಆಗಿ ನಿಂತಿರುವುದು ನಮ್ಮನ್ನು ಎಚ್ಚರಿಸಲಿಕ್ಕೇ ಇರಬಹುದೇನೋ! ರಾಗಿಯ ಹೊಲದಲ್ಲಿ ತುಂಬೆ ಬಂದರೆ ರೈತ ಅದನ್ನು ಕೀಳಲೇಬೇಕು. ಅನ್ನ ಬೆಳೆಯುವವನಿಗೆ ಸಾಹಿತ್ಯದವರು ಉಪದೇಶ ಮಾಡುವುದು ಅಪಹಾಸ್ಯ. ಕಳೆ ಕೀಳುವ ಹೆಂಗಸಿಗೆ ಆ ಗಿಡಗಳ ಹೆಸರೂ ಗುಣವೂ ನನಗಿಂತ ಚೆನ್ನಾಗಿ ಗೊತ್ತಿರುತ್ತವೆ. ಕಿತ್ತದ್ದರಲ್ಲಿ ಸೊಪ್ಪಿಗಾಗುವುದನ್ನು ಆರಿಸಿ ಮಡಿಲಿಗೆ ಹಾಕಿಕೊಂಡು ಹೋಗುತ್ತಾಳೆ. ನನ್ನ ವಾದ ಹೊಲದ ಮೇಲಲ್ಲ. ಹೊಲದಾಚೆಯ ಬದು, ಬೇಲಿ, ಹಾದಿ, ಗುಡ್ಡ, ಶಾಲೆಯ ಹಿತ್ತಿಲು, ಕಾಲೇಜಿನ ಆವರಣ—ಇಲ್ಲೆಲ್ಲ ಯಾವ ಪೈರಿಗೆ ತೊಂದರೆಯೆಂದು ತುಂಬೆಯನ್ನು ಕಳೆಯೆನ್ನುತ್ತೇವೆ?

ಕಾಡುಗಿಡವಾದದ್ದೆಲ್ಲ ಪೂಜ್ಯವೆಂದೂ ನಾನು ಹೇಳುವವನಲ್ಲ. ಉದ್ಯಾನದ ಅಲಂಕಾರಕ್ಕೆಂದು ವಿದೇಶದಿಂದ ತಂದ ಲಂಟಾನ ಇಂದು ನಮ್ಮ ಕಾಡುಗಳನ್ನು ಮುಚ್ಚಿದೆ. 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡ ಪಾರ್ಥೇನಿಯಂ ನಮ್ಮಲ್ಲಿ ಕಾಂಗ್ರೆಸ್ ಗಿಡವೆಂಬ ಹೆಸರು ಪಡೆದು ಊರೂರಿನ ಹಾದಿಯ ಬದಿಯನ್ನು ಆಕ್ರಮಿಸಿತು. ತುಂಬೆ, ವಿಷ್ಣುಕ್ರಾಂತಿಗಳ ಜಾಗದಲ್ಲಿ ಈಗ ಎಷ್ಟೋ ಕಡೆ ಇದೇ ನಿಂತಿದೆ. ಹಾಗೆಂದು ಹೊರಗಿನಿಂದ ಬಂದದ್ದೆಲ್ಲ ಶತ್ರುವೂ ಅಲ್ಲ. ಮುಟ್ಟಿದರೆ ಮುನಿ ಅಮೆರಿಕ ಖಂಡದಿಂದ ಬಂದದ್ದು. ಯಾರೋ ಒಬ್ಬ ಅನಾಮಧೇಯ ಕನ್ನಡಿಗ ಅದನ್ನು ಮುಟ್ಟಿ ನೋಡಿ, ಅದರ ಸ್ವಭಾವವನ್ನೆಲ್ಲ ಎರಡು ಪದದಲ್ಲಿ ಹಿಡಿದು, ನಮ್ಮದಾಗಿ ಮಾಡಿಕೊಂಡ. ಬಗ್ಗಿ ನೋಡುವ ಕಣ್ಣೂ ಹೆಸರಿಡುವ ನಾಲಗೆಯೂ ಅಂದು ನಮಗಿದ್ದುವು.

ಅವು ಪೂರ್ತಿಯಾಗಿ ಹೋಗಿಲ್ಲವೆಂಬುದಕ್ಕೆ ನಿದರ್ಶನಗಳುಂಟು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡು ಅಲೆದ ಅನುಭವವನ್ನು ‘ಹಸುರು ಹೊನ್ನು’ ಎಂದು ಕನ್ನಡದಲ್ಲಿ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಸಸ್ಯಶಾಸ್ತ್ರದವರು ಸಾಹಿತ್ಯದ ಹೊಸ್ತಿಲು ದಾಟಿ ಬಂದರು. ಸಾಹಿತ್ಯದವರಾದ ನಾವು ಆ ಕಡೆಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಪುಸ್ತಕವನ್ನು ವಿನೋದಕ್ಕಾಗಿ ಓದಿ, ಶೈಲಿಯನ್ನು ಹೊಗಳಿ, ಗಿಡಗಳನ್ನು ಮರೆತೆವು.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಯೋಜನೆಗಳನ್ನು ಸೂಚಿಸುವ ಅಧಿಕಾರ ನನಗಿಲ್ಲ; ಅಧ್ಯಾಪಕನ ಕೈಗೆಟಕುವ ನಾಲ್ಕು ಮಾತುಗಳನ್ನು ಹೇಳುತ್ತೇನೆ. ಮೊದಲನೆಯದು, ವನಮಹೋತ್ಸವಕ್ಕೆ ಹೊರಡುವ ಮುನ್ನ ಆ ನೆಲ ನಿಜವಾಗಿಯೂ ಕಾಡು ಕಳೆದುಕೊಂಡದ್ದೋ ಅಥವಾ ಎಂದಿನಿಂದಲೂ ಹುಲ್ಲಿನದೋ ಎಂದು ಅಲ್ಲಿ ದನ ಕಾಯುವವರನ್ನು ಕೇಳಬೇಕು; ಹುಲ್ಲಿನದಾದರೆ ಸಸಿಗಳೊಡನೆ ಹಿಂದಿರುಗಬೇಕು. ಎರಡನೆಯದು, ಶಾಲೆ ಕಾಲೇಜುಗಳ ಆವರಣದಲ್ಲಿಯೂ ಪಂಚಾಯತಿಯ ರಸ್ತೆಯ ಬದಿಯಲ್ಲಿಯೂ ಹೂಬಿಡುವ ಮೊದಲೇ ಸವರಿ ಹಾಕುವುದನ್ನು ಬಿಟ್ಟು, ಹೂವು ಕಾಯಾಗಿ ಬೀಜ ಉದುರಿದ ಮೇಲೆ ಸವರಬೇಕು. ಇದಕ್ಕೆ ಖರ್ಚಿಲ್ಲ, ಎರಡು ಮೂರು ತಿಂಗಳ ತಾಳ್ಮೆ ಸಾಕು. ಮೂರನೆಯದು, ಗುರಿಗೆ ಅರಳಿದಾಗ ನೋಡಲು ಹೋಗುವವರು ಕಣ್ಣಿನಿಂದ ನೋಡಬೇಕು, ಕೈಯಿಂದಲ್ಲ. ಗುರಿಗೆ ಒಮ್ಮೆ ಹೂಬಿಟ್ಟು, ಬೀಜ ಕೊಟ್ಟು, ಸಾಯುವ ಗಿಡ. ಮುರಿದ ಗೊಂಚಲಿನಲ್ಲಿ ಹೋಗುವುದು ಒಂದು ಹೂವಲ್ಲ, ಮುಂದಿನ ಸಂತಾನ.

ನಾಲ್ಕನೆಯದು ನನ್ನ ವೃತ್ತಿಗೆ ಸೇರಿದ್ದು. ನಮ್ಮ ಪಠ್ಯಪುಸ್ತಕಗಳ ಟಿಪ್ಪಣಿಯಿಂದ ‘ಪುಷ್ಪವಿಶೇಷ’ವನ್ನು ತೆಗೆದುಹಾಕಬೇಕು. ಹೂವಿನ ಬಣ್ಣವೇನು, ಗಿಡವೋ ಮರವೋ ಬಳ್ಳಿಯೋ, ಯಾವ ತಿಂಗಳಿನಲ್ಲಿ ಎಲ್ಲಿ ಅರಳುತ್ತದೆ, ಇಂದು ಯಾವ ಸೀಮೆಯಲ್ಲಿ ಅದಕ್ಕೆ ಏನೆನ್ನುತ್ತಾರೆ ಎಂಬ ಎರಡು ಸಾಲನ್ನಾದರೂ ಬರೆಯಬೇಕು. ಬರೆಯಲು ಬಾರದಿದ್ದರೆ ಬಲ್ಲವರನ್ನು ಕೇಳಬೇಕು. ಬಲ್ಲವರು ವಿಶ್ವವಿದ್ಯಾನಿಲಯಗಳಲ್ಲಿಯೇ ಇರಬೇಕೆಂಬ ನಿಯಮವಿಲ್ಲ; ನಮ್ಮ ವಿದ್ಯಾರ್ಥಿಗಳ ಮನೆಯಲ್ಲಿಯೇ ಇದ್ದಾರೆ.

ಈ ಕಡೆಯ ಮಾತನ್ನು ನಾನು ಆರಂಭಿಸಿದ್ದೇನೆ. ಸುರಗಿಯ ಸರ ತಂದ ಹುಡುಗಿಯ ತರಗತಿಗೆ ಒಂದು ಕೆಲಸ ಕೊಟ್ಟೆ. ಪ್ರತಿಯೊಬ್ಬರೂ ಮನೆಯ ಹಿರಿಯರೊಬ್ಬರೊಡನೆ ಊರಿನ ಹಾದಿಯಲ್ಲಿ ಅರ್ಧ ಗಂಟೆ ನಡೆದು, ಅವರು ಹೇಳಿದ ಹೂಗಿಡಗಳ ಹೆಸರನ್ನು ಅವರು ಹೇಳಿದಂತೆಯೇ ಬರೆದು ತರಬೇಕು. ಮೂವತ್ತೆರಡು ಪುಸ್ತಕಗಳು ಬಂದುವು. ಕೆಲವರು ಆರು ಹೆಸರು ತಂದರು, ಕೆಲವರು ಇಪ್ಪತ್ತು. ಪೇಟೆಯ ಹುಡುಗನೊಬ್ಬ, ತಮ್ಮ ಬೀದಿಯಲ್ಲಿ ಸಿಮೆಂಟಿನ ಸಂದಿನಲ್ಲಿ ಎರಡೇ ಗಿಡಗಳಿದ್ದುವೆಂದೂ ಎರಡರ ಹೆಸರೂ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವೆಂದೂ ಪ್ರಾಮಾಣಿಕವಾಗಿ ಬರೆದಿದ್ದ. ಒಂದೇ ಗಿಡಕ್ಕೆ ಮೂರು ಹಳ್ಳಿಗಳಲ್ಲಿ ಮೂರು ಹೆಸರು ಕಂಡುವು. ಹಲವು ಹೆಸರುಗಳನ್ನು ನಾನು ಕೋಶಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಆ ಹುಡುಗಿಯ ಪುಸ್ತಕದಲ್ಲಿ ಮೂವತ್ತೊಂದು ಹೆಸರುಗಳಿದ್ದುವು. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಳು: ಇನ್ನೂ ಎಷ್ಟೋ ಉಂಟಂತೆ, ಅಜ್ಜಿಗೆ ಕಾಲುನೋವು ಬಂದದ್ದರಿಂದ ಅಲ್ಲಿಗೇ ಹಿಂದಿರುಗಿದೆವು.

ಆ ಸಾಲನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನಮಗಿರುವ ಕಾಲಾವಕಾಶ ಎಷ್ಟೆಂಬುದನ್ನು ಅಷ್ಟು ಸ್ಪಷ್ಟವಾಗಿ ಬೇರಾರೂ ನನಗೆ ಹೇಳಿರಲಿಲ್ಲ. ಹನ್ನೆರಡು ವರ್ಷದ ಲೆಕ್ಕ ಹಿಡಿದರೆ ಚಂದ್ರದ್ರೋಣದಲ್ಲಿ ಗುರಿಗೆ ಮತ್ತೆ ಅರಳಬೇಕಾದದ್ದು 2034ರಲ್ಲಿ. ಆ ಹೊತ್ತಿಗೆ ಈ ವಿದ್ಯಾರ್ಥಿಗಳು ಮೂವತ್ತರ ಆಸುಪಾಸಿನಲ್ಲಿರುತ್ತಾರೆ. ಕೆಲವರು ಅಧ್ಯಾಪಕರೂ ಆಗಿರಬಹುದು. ಮಕ್ಕಳನ್ನು ಕರೆದುಕೊಂಡು ಬೆಟ್ಟಕ್ಕೆ ಹೋದಾಗ, ಇದೇನು ಹೂವು ಎಂದು ಮಕ್ಕಳು ಕೇಳಿದಾಗ, ಅವರು ಪುಷ್ಪವಿಶೇಷವೆನ್ನದೆ ಗುರಿಗೆ ಎಂದಾರೆಂಬ ಆಸೆ ನನಗುಂಟು. ಬರುವ ಶನಿವಾರ ಆ ಹುಡುಗಿಯ ಊರಿಗೆ ಹೋಗುವವನಿದ್ದೇನೆ. ಅಜ್ಜಿಯ ಕಾಲುನೋವು ಕಡಮೆಯಾಗಿದೆಯಂತೆ. ಅವರು ನಡೆಯಲಾರದಿದ್ದರೆ ಜಗಲಿಯ ಮೇಲೆ ಕುಳಿತೇ ಹೇಳಲಿ. ಗಿಡಗಳನ್ನು ನಾವು ಒಂದೊಂದಾಗಿ ತಂದು ತೋರಿಸುತ್ತೇವೆ.